1877ರಲ್ಲಿ ಕ್ಯಾಮೆರಾ ಇದ್ದರೂ ಬೆಂಗಳೂರಿನ ಬರದ ಚಿತ್ರಗಳನ್ನು ಪತ್ರಿಕೆಯಲ್ಲಿ ಕೆತ್ತಿ ಅಚ್ಚು ಹಾಕಿದ್ದೇಕೆ?

ಆಗಿನ ಅಚ್ಚುಯಂತ್ರಕ್ಕೆ ಫೋಟೋವನ್ನು ಹಾಗೇ ಮುದ್ರಿಸೋಕೆ ಬರುತ್ತಿರಲಿಲ್ಲ, ಅದಕ್ಕೇ. ಶಾಯಿ ಬೀಳುತ್ತೆ ಅಥವಾ ಬೀಳೋದಿಲ್ಲ, ನಡುವೆ ಬೂದುಬಣ್ಣ ಅನ್ನೋದೇ ಇಲ್ಲ. ಹಾಗಾಗಿ ಫೋಟೋವನ್ನೋ ರೇಖಾಚಿತ್ರವನ್ನೋ ನೋಡಿಕೊಂಡು ಗಟ್ಟಿ ಮರದ ಅಚ್ಚಿನಲ್ಲಿ ಗೆರೆಗೆರೆಯಾಗಿ ಕೆತ್ತುತ್ತಿದ್ದರು. ಆ ಅಚ್ಚು ಸೀಸದ ಅಕ್ಷರಗಳಷ್ಟೇ ಎತ್ತರ ಇರುತ್ತಿದ್ದರಿಂದ ಚಿತ್ರ, ಬರಹ ಎರಡೂ ಒಂದೇ ಸಲ ಅಚ್ಚಾಗುತ್ತಿದ್ದವು. ದೊಡ್ಡ ಚಿತ್ರವಾದರೆ ಹಲವು ತುಂಡು ಜೋಡಿಸಿದ ಮರದ ಅಚ್ಚನ್ನು ಬಿಚ್ಚಿ ಹಲವರಿಗೆ ಹಂಚಿ, ಕೆತ್ತಿದ ಮೇಲೆ ಮತ್ತೆ ಜೋಡಿಸೋರು.

1876-78ರ ಬರದಲ್ಲಿ ಬೆಂಗಳೂರಿನಲ್ಲಿ ಜನ ಪರಿಹಾರಕ್ಕಾಗಿ ಕಾಯುತ್ತಿದ್ದ ದೃಶ್ಯ 1877ರ ಅಕ್ಟೋಬರಿನಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್'ನಲ್ಲಿ ಬಂದದ್ದು ಹೀಗೇ ಕೆತ್ತಿದ ಚಿತ್ರವಾಗಿ.

ಈ ಕೆಲಸದಲ್ಲಿ ಕೆತ್ತುವವನ ಕೈಗೆ ಅಧಿಕಾರ ಜಾಸ್ತಿ, ಅಲ್ವಾ? ಚಿತ್ರದ ಒಂದೊಂದು ಪಕ್ಕೆಲುಬೂ ಅವನು ಬೇಕೆಂದು ಕೆತ್ತದೆ ಉಳಿಸಿದ ಗೆರೆ. 1847ರಲ್ಲಿ ಇದೇ ಪತ್ರಿಕೆಗೆ ಜೇಮ್ಸ್ ಮಹೋನಿ ಎಂಬ ಕಲಾವಿದ ಐರ್ಲೆಂಡಿನ ಬರವನ್ನು ಚಿತ್ರಿಸಿದ. ಕ್ಲೋನಕಿಲ್ಟಿಯಲ್ಲಿ ಸತ್ತ ಕೂಸನ್ನು ಎತ್ತಿಕೊಂಡು ಶವಪೆಟ್ಟಿಗೆಗೆ ಕಾಸು ಬೇಡುವ ತಾಯಿಯ ಚಿತ್ರ ಅದರಲ್ಲೊಂದು. ನೋಡಿದರೆ ಕರುಳು ಹಿಂಡುತ್ತೆ, ಆದರೆ ಆಕೆಯ ಮುಖ ಅಷ್ಟೇನೂ ಬತ್ತಿಲ್ಲ. ಅದೇ 1876-78ರ ಬರದಲ್ಲಿ ಮದ್ರಾಸ್ ಕಡೆ ಬ್ರಿಟಿಷ್ ಸೇನಾಧಿಕಾರಿ ವಿಲೋಬಿ ಹೂಪರ್ ತೆಗೆದ ಫೋಟೋಗಳಲ್ಲಿ ಬರೀ ಚರ್ಮ ಹೊದ್ದ ಮೂಳೆಗಳು ಕಾಣುತ್ತವೆ.