ದೋಣಿಮನೆಗೆ ಡೀಸೆಲ್ ಹೀಟರ್ ಕೂರಿಸೋ ಮುಂಚೆ

ವಿಜಯನಗರದಿಂದ ಬರೆದಿದ್ದೀರಿ: ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೊರಟಿದ್ದೀನಿ, ಅಲ್ಲಿನ ಬಾಡಿಗೆ ಕೇಳಿ ತಲೆ ಸುತ್ತಿತು, ಕಾಲುವೆಯಲ್ಲಿ ಹಳೇ ನ್ಯಾರೋಬೋಟ್, ಅಂದರೆ ಉದ್ದನೆಯ ಕಿರಿದಾದ ದೋಣಿ, ಕೊಂಡು ಅದರಲ್ಲೇ ಇರಬಹುದಾ, ಆನ್‌ಲೈನಲ್ಲಿ ಸಿಗೋ ಅಗ್ಗದ ಡೀಸೆಲ್ ಹೀಟರ್ ನಾನೇ ಕೂರಿಸಬಹುದಾ ಅಂತ.

ಇರಬಹುದು. ನಾವು ಒಂಬತ್ತು ಚಳಿಗಾಲ ಅದರಲ್ಲೇ ಕಳೆದಿದ್ದೀವಿ. ದೋಣಿ ಕಟ್ಟೋಕೆ ಖಾಯಂ ಜಾಗ ಇಲ್ಲದಿದ್ದರೆ 14 ದಿನಕ್ಕೊಮ್ಮೆ ದೋಣಿ ಮುಂದಕ್ಕೆ ಸಾಗಿಸಬೇಕು, ಕಕ್ಕಸಿನ ಡಬ್ಬ ನೀವೇ ಖಾಲಿ ಮಾಡಬೇಕು. ಅದೆಲ್ಲ ಎರಡು ತಿಂಗಳಲ್ಲಿ ರೂಢಿಯಾಗುತ್ತೆ. ಹೀಟರ್ ವಿಷಯ ಹಾಗಲ್ಲ.

ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನೋ ಸುದ್ದಿ ಬೆಂಗಳೂರಿನಲ್ಲಿ ಓದಿರ್ತೀರಿ. ಅವರನ್ನು ಕೊಂದ ಅದೇ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಇಲ್ಲೂ. ಬಣ್ಣ ಇಲ್ಲ, ವಾಸನೆ ಇಲ್ಲ. ನ್ಯಾರೋಬೋಟಿನ ಅಗಲ ಸುಮಾರು 6 ಅಡಿ 10 ಇಂಚು. ಉದ್ದನೆಯ ಬಚ್ಚಲಲ್ಲಿ ಹಾಸಿಗೆ ಹಾಸಿದ ಹಾಗೆ.

ನಮ್ಮ ಎರಡನೇ ಚಳಿಗಾಲ. ಬೆಳಿಗ್ಗೆ ಎದ್ದರೆ ಇಬ್ಬರಿಗೂ ತಲೆನೋವು, ವಾಕರಿಕೆ. ಥಂಡಿ ಹಿಡಿದಿದೆ ಅಂತ ನಮ್ಮೆಜಮಾನ್ರು ಶುಂಠಿ ಕಷಾಯ ಕುದಿಸಿದರು. ಕೆಲಸಕ್ಕೆ ಹೋದರೆ ಮಧ್ಯಾಹ್ನಕ್ಕೆ ಸರಿಹೋಗೋದು, ದೋಣಿಗೆ ಬಂದು ಮಲಗೆದ್ದರೆ ಮತ್ತೆ ಅದೇ. ಆ ಅನಿಲ ಇದ್ದರೆ ಕೂಗೋ ಅಲಾರಾಂ ಇತ್ತು, ಬ್ಯಾಟರಿ ಸತ್ತಿತ್ತು. ಹೊಸದು ಹಾಕಿದ ರಾತ್ರಿಯೇ ಕೂಗಿಕೊಂಡಿತು.

ಹಿಂದಿನ ಮಾಲೀಕ ಕೂರಿಸಿದ್ದ ಅಗ್ಗದ ಹೀಟರಿನ ಸೈಲೆನ್ಸರ್ ಎಂಜಿನ್ ಕೋಣೆಯಲ್ಲಿತ್ತು. ಅದು ವ್ಯಾನಿನ ಕೆಳಗೆ ಹೊರಭಾಗಕ್ಕೆ ಹಾಕೋ ಸಾಮಾನು. ತಗಡು ಮಡಚಿದ ಜಾಯಿಂಟು, ನೀರಿಳಿಯೋಕೆ ಸಣ್ಣ ತೂತು. ರಸ್ತೆಯಲ್ಲಿ ಹೊಗೆ ಸೋರಿದರೆ ಗಾಳಿಗೆ ಹೋಗುತ್ತೆ, ದೋಣಿಯೊಳಗೆ ಎಲ್ಲಿಗೆ ಹೋಗಬೇಕು? ಮೇಲಾಗಿ ನಮ್ಮ ಕೋಣೆಗೆ ಬಿಸಿ ಮಾಡಿ ಊದೋ ಗಾಳಿಯನ್ನೂ ಹೀಟರ್ ಆ ಎಂಜಿನ್ ಕೋಣೆಯಿಂದಲೇ ಎಳೀತಿತ್ತು. ಸೋರಿದ್ದನ್ನು ಬೆಚ್ಚಗೆ ನಮ್ಮ ಮೂಗಿಗೆ ತಂದು ಬಿಡ್ತಿತ್ತು, ಅಷ್ಟೇ.

ಹಾಗಾಗಿ ನೀವೇ ಕೂರಿಸೋ ಆಸೆ ಬಿಡಿ, ಉಳಿಯೋ ದುಡ್ಡು ಅಷ್ಟೇನೂ ಇಲ್ಲ. ದೋಣಿ ಕೆಲಸ ಗೊತ್ತಿರೋರ ಕೈಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ದೋಣಿಗೆಂದೇ ಮಾಡಿದ, ಸೋರದ ಎಕ್ಸಾಸ್ಟ್ (ಹೊಗೆ ಹೊರಹಾಕೋ ಪೈಪಿನ) ಸಾಮಾನೇ ಹಾಕಿಸಿ. ಪೈಪು ಕೆಂಡದಂತೆ ಕಾಯುತ್ತೆ. ಶಾಖ ತಡೆಯೋ ಪಟ್ಟಿ ಸುತ್ತಿ ಮರ, ವೈರು, ಡೀಸೆಲ್ ಪೈಪಿನಿಂದ ದೂರ ಇಡಬೇಕು. ಉರಿಯೋಕೆ ಬೇಕಾದ ಗಾಳಿ ಹೊರಗಿಂದ ಬರಲಿ. ಹೀಟರ್ ಆಫ್ ಮಾಡುವಾಗ ಬ್ಯಾಟರಿ ಸ್ವಿಚ್ ತೆಗೆದುಬಿಡಬೇಡಿ, ಫ್ಯಾನ್ ತಾನಾಗಿ ನಿಲ್ಲೋವರೆಗೂ ಬಿಡಿ. ಚಳಿ ಅಂತ ಗಾಳಿಕಿಂಡಿಗೆ ಬಟ್ಟೆ ತುರುಕೋದು ನಮ್ಮೋರಿಗೆಲ್ಲ ಇರೋ ಚಾಳಿ. ಅದು ಬೇಡ.

2019ರ ಏಪ್ರಿಲಿನಿಂದ ವಾಸದ ದೋಣಿಗೆ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಕಡ್ಡಾಯ. ದೋಣಿಗೆ ತಕ್ಕದ್ದು ಅಂತ ಹೇಳೋ ಇಎನ್ 50291-2 (EN 50291-2) ಗುರುತು ಇರೋದು ನೋಡಿ ತಗೊಳ್ಳಿ, ಮಲಗೋ ಜಾಗದಲ್ಲೂ ಒಂದಿರಲಿ. ದೋಣಿಯ ಸುರಕ್ಷತೆ ಪರೀಕ್ಷಿಸಿ ಕೊಡೋ ಬೋಟ್ ಸೇಫ್ಟಿ ಸ್ಕೀಮ್ ಸರ್ಟಿಫಿಕೇಟ್ 4 ವರ್ಷಕ್ಕೊಮ್ಮೆ. ಮಾರೋರು ಅದು ತೋರಿಸಿದರು ಅಂತ ನಂಬಿ ಕೂರಬೇಡಿ, ನಡುವೆ ಒಂದು ಕ್ಲಾಂಪ್ ಸಡಿಲ ಆದರೂ ಸಾಕು.

ದೋಣಿ ನೋಡೋಕೆ ಹೋದ ದಿನ ಟಾರ್ಚ್ ಒಯ್ದು ಎಂಜಿನ್ ಕೋಣೆಯ ಮುಚ್ಚಳ ತೆಗೆಸಿ. ಪೈಪಿನ ಜಾಯಿಂಟಲ್ಲಿ ಹೊಗೆ ಸೋರಿದ ಮಸಿ ಇದೆಯಾ ನೋಡಿ, ಫೋಟೊ ತೆಗೆದು ನನಗೂ ಕಳಿಸಿ.