‘ನಮ್ಮನೆಗೆ ಯಾವಾಗ ಹೋಗೋದು?’

ಮನೆ ಬದಲಿಸಿದವರ ಪ್ರಶ್ನೆಗಳು ಈ ಸಲ ಜಾಸ್ತಿ ಬಂದಿವೆ. ಎಲ್ಲರ ಮನೆಯಲ್ಲೂ ಪುಟ್ಟ ಮಕ್ಕಳಿದ್ದಾರೆ. ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು. ಉಳಿದವುಗಳ ಬೇರೂ ಅಲ್ಲೇ ಇದೆ ಅನ್ನಿಸಿತು, ಅದಕ್ಕೆ.

ಪ್ರಶ್ನೆ: ಹೊಸ ಮನೆಗೆ ಬಂದು ಮೂರು ವಾರವಾಯಿತು. ಹಳೆಯದಕ್ಕಿಂತ ದೊಡ್ಡದು, ಬೆಳಕು ಚೆನ್ನಾಗಿದೆ, ಆಡಲು ಜಾಗ ಇದೆ. ಆದರೆ ನಾಲ್ಕೂವರೆ ವರ್ಷದ ಮಗಳು ದಿನಾ ಸಂಜೆ ‘ಅಮ್ಮಾ, ನಮ್ಮನೆಗೆ ಯಾವಾಗ ಹೋಗೋದು?’ ಎಂದು ಕೇಳುತ್ತಾಳೆ. ಇದೇ ನಮ್ಮನೆ ಅಂದರೆ ಅಳುತ್ತಾಳೆ. ಎರಡು ವರ್ಷದ ಮಗ ರಾತ್ರಿ ಮೂರು ನಾಲ್ಕು ಸಲ ಎದ್ದು ಕೂರುತ್ತಾನೆ. ಮೊದಲು ಹೀಗಿರಲಿಲ್ಲ. ಬರುವ ಮುಂಚೆ ಇಬ್ಬರಿಗೂ ಮನೆಯ ಫೋಟೊ, ವಿಡಿಯೊ ಎಲ್ಲ ತೋರಿಸಿದ್ದೆವು. ಎಲ್ಲಿ ತಪ್ಪಿದೆವು?

ಉತ್ತರ: ಎಲ್ಲೂ ತಪ್ಪಿಲ್ಲ. ನಿಮ್ಮ ಮಗಳು ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ. ಅವಳ ಲೆಕ್ಕದಲ್ಲಿ ನೋಡಿ. ಅವಳು ಹುಟ್ಟಿದ ಮೇಲೆ ಎಷ್ಟು ಸಲ ಬ್ಯಾಗ್ ತುಂಬಿಕೊಂಡು ಹೊರಟಿದ್ದೀರಿ? ಅಜ್ಜಿ ಮನೆಗೋ, ಪ್ರವಾಸಕ್ಕೋ, ಯಾರದೋ ಮದುವೆಗೋ. ಪ್ರತಿ ಸಲವೂ ವಾಪಸ್ ಬಂದಿದ್ದೀರಿ. ಹೊರಟವರು ವಾಪಸ್ ಬರುತ್ತಾರೆ ಎನ್ನುವುದು ಅವಳಿಗೆ ಗೊತ್ತಿರುವ ನಿಯಮ. ಈ ಸಲ ಮೂರು ವಾರವಾದರೂ ಯಾರೂ ಹೊರಡುವ ಮಾತೇ ಎತ್ತುತ್ತಿಲ್ಲ. ಪಾಪ, ಕೇಳದೆ ಇನ್ನೇನು ಮಾಡುತ್ತಾಳೆ?

‘ಇದೇ ನಮ್ಮನೆ’ ಎನ್ನುವುದು ನಿಜ. ಆದರೆ ಅವಳು ಕೇಳಿದ್ದು ಅದಲ್ಲ. ವಾಪಸ್ ಹೋಗುವುದು ಯಾವಾಗ ಎಂದು ಕೇಳಿದ್ದಾಳೆ. ಅದಕ್ಕೆ ನೇರವಾಗಿ ಹೇಳಿ: ‘ಆ ಮನೆಗೆ ನಾವು ಇನ್ನು ಇರೋಕೆ ಹೋಗಲ್ಲ ಪುಟ್ಟಿ. ಅಲ್ಲಿ ಬೇರೆಯವರು ಇರ್ತಾರೆ. ನಾನು, ಅಪ್ಪ, ನೀನು, ತಮ್ಮ, ನಮ್ಮ ಸಾಮಾನು ಎಲ್ಲ ಇಲ್ಲಿಗೇ ಬಂದಿದ್ದೀವಿ.’ ಯಾರ್ಯಾರು ಬಂದಿದ್ದಾರೆ ಎಂದು ಹೆಸರು ಹೇಳಿ ಎಣಿಸುವುದು ಮುಖ್ಯ. ಏನೋ ಒಂದು ಅಲ್ಲೇ ಉಳಿದುಬಿಟ್ಟಿದೆ ಎಂಬ ಭಯ ಈ ವಯಸ್ಸಿಗೆ ಸಹಜ. ಇಷ್ಟು ಹೇಳಿದರೆ ಅತ್ತಾಳು. ಅಳಲಿ ಬಿಡಿ. ಹೊಸ ಮನೆ ಎಷ್ಟು ಚೆನ್ನಾಗಿದೆ ನೋಡು ಎಂದು ಆಗಲೇ ಹೊಗಳಲು ಶುರುಮಾಡಬೇಡಿ. ಬೆಳಕು, ಜಾಗ ಎಲ್ಲ ನಮಗೆ ಬೇಕಾಗಿದ್ದವು. ಅವಳು ಕೇಳಿರಲಿಲ್ಲ.

ಅತ್ತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ‘ಆ ಮನೆಯಲ್ಲಿ ನಿಂಗೆ ಏನು ಇಷ್ಟ ಇತ್ತು?’ ಉತ್ತರ ನಾವು ಅಂದುಕೊಂಡಷ್ಟು ದೊಡ್ಡದಾಗಿರುವುದಿಲ್ಲ. ಒಬ್ಬ ಹುಡುಗ ನನ್ನ ಹತ್ತಿರ ‘ಅಲ್ಲಿ ನಂಗೆ ಒಂದು ಮನೆ ಇತ್ತು’ ಅಂದಿದ್ದ. ಯಾವ ಮನೆ ಎಂದು ವಿಚಾರಿಸಿದರೆ, ಸೋಫಾಕ್ಕೂ ಗೋಡೆಗೂ ನಡುವೆ ಇದ್ದ ಸಂದಿ! ಹೊಸ ಮನೆಯಲ್ಲಿ ಸೋಫಾವನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಅವನ ಅಪ್ಪ ಅದನ್ನು ಒಂದೂವರೆ ಅಡಿ ಮುಂದಕ್ಕೆ ಎಳೆದರು. ನೋಡಲು ಸ್ವಲ್ಪ ವಿಚಿತ್ರವಾಗಿತ್ತಂತೆ. ಹುಡುಗ ಎರಡು ಕಾರು, ಒಂದು ದಿಂಬು ತೆಗೆದುಕೊಂಡು ಒಳಗೆ ಸೇರಿಕೊಂಡ.

ಇನ್ನು ಫೋಟೊ ವಿಷಯ. ತೋರಿಸಿದ್ದು ಒಳ್ಳೆಯದೇ, ಆದರೆ ಇಬ್ಬರಿಗೂ ಅದು ಒಂದೇ ರೀತಿ ಮುಟ್ಟಿರುವುದಿಲ್ಲ. 1987ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಜೂಡಿ ಡಿಲೋಶ್ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಒಂದು ಕೋಣೆ, ಅದರದೇ ಪುಟ್ಟ ಮಾದರಿ. ಮಾದರಿಯೊಳಗೆ ಪುಟ್ಟ ಗೊಂಬೆಯನ್ನು ಮಗುವಿನ ಎದುರಿಗೇ ಬಚ್ಚಿಟ್ಟು, ದೊಡ್ಡ ಗೊಂಬೆ ದೊಡ್ಡ ಕೋಣೆಯಲ್ಲಿ ಅದೇ ಜಾಗದಲ್ಲಿದೆ, ಹುಡುಕು ಎನ್ನುವುದು. ಮೂರು ವರ್ಷ ದಾಟಿದ ಮಕ್ಕಳು ಸೀದಾ ಹೋಗಿ ಹುಡುಕಿದರು. ಎರಡೂವರೆ ವರ್ಷದ ಆಸುಪಾಸಿನವರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ಮಾದರಿಯಲ್ಲಿ ಗೊಂಬೆ ಎಲ್ಲಿತ್ತು ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೂ ಈ ಕೋಣೆಗೂ ಏನು ಸಂಬಂಧ ಎಂಬುದೇ ಹೊಳೆಯಲಿಲ್ಲ, ಅಷ್ಟೆ. ನಿಮ್ಮ ಮಗನಿಗೂ ಹಾಗೇ. ಫೋನಿನಲ್ಲಿ ನೋಡಿದ ಚಿತ್ರ ಒಂದು, ಈಗ ತಾನು ನಿಂತಿರುವ ಜಾಗ ಇನ್ನೊಂದು.

ಮನೆ ಅವನಿಗೆ ಪರಿಚಯವಾಗುವುದು ಕೈಕಾಲುಗಳ ಮೂಲಕ. ಹಳೇ ಮನೆಯಲ್ಲಿ ನೀವೂ ಕತ್ತಲಲ್ಲಿ ಎದ್ದು ಸ್ವಿಚ್ ಹುಡುಕುತ್ತಿರಲಿಲ್ಲ, ಅಲ್ವಾ? ಕೈ ತಾನಾಗಿ ಹೋಗುತ್ತಿತ್ತು. ನಮ್ಮ ಮಗ ಮೂರು ವರ್ಷದವನಿದ್ದಾಗ ನಾವೂ ಮನೆ ಬದಲಿಸಿದೆವು. ಹಳೇ ಮನೆಯಲ್ಲಿ ಬಾತ್‌ರೂಮ್ ಹಾಸಿಗೆಯಿಂದ ಎಡಕ್ಕೆ. ಹೊಸದರಲ್ಲಿ ಬಲಕ್ಕೆ. ಸುಮಾರು ಹತ್ತು ರಾತ್ರಿ ಅವನು ಅರೆನಿದ್ದೆಯಲ್ಲಿ ಎದ್ದು ಎಡಕ್ಕೇ ನಡೆದು, ಗೋಡೆಗೆ ಹಣೆ ಒತ್ತಿಕೊಂಡು ನಿಂತಿರುತ್ತಿದ್ದ. ಬಾಗಿಲು ತೆರೆದುಕೊಳ್ಳಲಿ ಎಂದು ಕಾಯುತ್ತಿದ್ದನೋ ಏನೋ. ಮಕ್ಕಳ ವಿಷಯದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನನಗೆ ಅದು ಅರ್ಥವಾಗಲು ನಾಲ್ಕು ದಿನ ಬೇಕಾಯಿತು. ಕೊನೆಗೆ ಹಗಲು ಹೊತ್ತಿನಲ್ಲಿ ಅದನ್ನೇ ಆಟ ಮಾಡಿದೆವು. ಹಾಸಿಗೆಯ ಮೇಲೆ ನಿದ್ದೆ ಬಂದವರ ಹಾಗೆ ಮಲಗುವುದು, ಎದ್ದು ಬಲಕ್ಕೆ ಎಂಟು ಹೆಜ್ಜೆ ಎಣಿಸಿ ಬಾತ್‌ರೂಮ್ ಬಾಗಿಲು ಮುಟ್ಟುವುದು. ಆಮೇಲೆ ಸಂಜೆ ದೀಪ ಕಮ್ಮಿ ಮಾಡಿ ಅದೇ ಆಟ, ಕೈಗೊಂದು ಟಾರ್ಚ್. ನಿಮ್ಮಲ್ಲೂ ಮಾಡಿ ನೋಡಿ. ಮಗಳ ಹಾಸಿಗೆಯಿಂದ ನಿಮ್ಮ ಹಾಸಿಗೆಗೆ ಎಷ್ಟು ಹೆಜ್ಜೆ ಎಂಬ ಲೆಕ್ಕ ಅವಳಿಗೆ ಬಾಯಿಪಾಠ ಆಗಿರಲಿ.

ರಾತ್ರಿ ಏಳುವುದಕ್ಕೂ ಕಾರಣ ಇದೆ. ಹೊಸ ಜಾಗದಲ್ಲಿ ದೊಡ್ಡವರಿಗೂ ಮೊದಲ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರಾಗುವಂತೆ ಇರುತ್ತದೆ ಎಂದು ಕಂಡಿತು. ಅವರು ನೋಡಿದ್ದು ದೊಡ್ಡವರನ್ನು. ಮಕ್ಕಳಿಗೆ ಇದರ ಜೊತೆ ಇನ್ನೊಂದು ತೊಡಕಿದೆ. ನಾವೆಲ್ಲರೂ ರಾತ್ರಿ ಹಲವು ಸಲ ಅರೆಕ್ಷಣ ಎಚ್ಚರವಾಗಿ ಮತ್ತೆ ಮಲಗುತ್ತೇವೆ. ಬೆಳಗ್ಗೆ ಅದು ನೆನಪಿರುವುದಿಲ್ಲ. ಮಗು ಕಣ್ಣು ಬಿಟ್ಟಾಗ ಸುತ್ತ ಇರುವುದೆಲ್ಲ ಗುರುತಿನದಾದರೆ ಮಗ್ಗಲು ಬದಲಿಸಿ ಮಲಗುತ್ತದೆ. ಗುರುತು ಸಿಗದಿದ್ದರೆ ಎದ್ದು ಕೂರುತ್ತದೆ.

ಹಾಗಾಗಿ ಹೊಸ ಮನೆ, ಹೊಸ ಹಾಸಿಗೆ, ಹೊಸ ಹೊದಿಕೆ ಎಲ್ಲ ಒಟ್ಟಿಗೆ ಬೇಡ. ಹಳೇ ಬೆಡ್‌ಶೀಟನ್ನು ಒಂದಷ್ಟು ದಿನ ಒಗೆಯದೆ ಹಾಸಿ, ಆ ವಾಸನೆ ಬೇಕು. ಹಳೇ ಕೋಣೆಯಲ್ಲಿ ಮಂಚದ ಯಾವ ಪಕ್ಕ ಗೋಡೆ ಇತ್ತೋ ಇಲ್ಲೂ ಆ ಪಕ್ಕವೇ ಇರಲಿ. ಸ್ನಾನ, ಊಟ, ಕತೆ, ದೀಪ ಆರಿಸುವುದು ಹಳೇ ಕ್ರಮದಲ್ಲೇ ನಡೆಯಲಿ. ಎದ್ದಾಗ ಹೋಗಿ ಪಕ್ಕ ಕೂತು ಬೆನ್ನು ತಟ್ಟಿ. ಮಾತು ಕಮ್ಮಿ, ಬೆಳಕು ಕಮ್ಮಿ. ಕೆಲವು ವಾರಗಳಲ್ಲಿ ಬಹುಪಾಲು ಮಕ್ಕಳು ಹಳೇ ನಿದ್ದೆಗೆ ಮರಳುತ್ತಾರೆ.

ಇನ್ನೊಂದು ಮಾತು. ರಾತ್ರಿ ಹನ್ನೆರಡರವರೆಗೆ ಪೆಟ್ಟಿಗೆ ಬಿಚ್ಚುವುದನ್ನು ನಿಲ್ಲಿಸಿ. ಟೇಪ್ ಕಿತ್ತ ಸದ್ದು ಗೋಡೆಯಾಚೆ ಚೆನ್ನಾಗಿ ಕೇಳಿಸುತ್ತದೆ.

ಪ್ರಶ್ನೆ: ಮುಂದಿನ ವಾರ ಬೇರೆ ಮನೆಗೆ ಹೋಗುತ್ತಿದ್ದೇವೆ. ಮಗುವಿಗೆ ಹದಿನಾಲ್ಕು ತಿಂಗಳು, ಸಿಕ್ಕಿದ್ದೆಲ್ಲ ಹತ್ತುತ್ತಾಳೆ. ಸುರಕ್ಷತೆಗೆ ಎಂದು ಏನೇನೋ ಮಾರುತ್ತಾರೆ. ಮೊದಲ ದಿನವೇ ಆಗಬೇಕಾದದ್ದು ಏನು?

ಉತ್ತರ: ಮಾರುವ ಸಾಮಾನು ಪಕ್ಕಕ್ಕಿಡಿ. ಮೊದಲು ನೆಲದ ಮೇಲೆ ಮೊಣಕಾಲೂರಿ ಇಡೀ ಮನೆ ಒಂದು ಸುತ್ತು ಬನ್ನಿ. ಅವಳಿಗೆ ಕಾಣುವುದು ನಿಮಗೂ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಹೆದರಿಕೆ ಕಿಟಕಿ ಮತ್ತು ಬಾಲ್ಕನಿಯದು. ಸೊಳ್ಳೆ ಪರದೆ ಮಗುವಿನ ಭಾರ ತಡೆಯುವುದಿಲ್ಲ. ಮೇಲಿನ ಮಹಡಿಯಾದರೆ ಗ್ರಿಲ್ ಇರಬೇಕು, ಅಥವಾ ಕಿಟಕಿ 10 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಿಸಬೇಕು. ಬಾಲ್ಕನಿ, ಮೆಟ್ಟಿಲಿನ ಕಂಬಿಗಳ ಸಂದಿಗೂ ಅದೇ ಅಳತೆ. ಸಾಮಾನು ಇಳಿಸುವಾಗ ಮಂಚ, ಕುರ್ಚಿ, ಪೆಟ್ಟಿಗೆಗಳನ್ನು ಕಿಟಕಿ ಕೆಳಗೆ ರಾಶಿ ಹಾಕುವುದು ಎಲ್ಲರ ಅಭ್ಯಾಸ. ಹತ್ತುವ ಮಗುವಿಗೆ ಅದೇ ಏಣಿ.

ಆಮೇಲೆ ಕಪಾಟು. ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಮೆಟ್ಟಿಲು ಮಾಡಿಕೊಂಡು ಮಗು ಹತ್ತಿದರೆ ಇಡೀ ಕಪಾಟು ಮುಂದಕ್ಕೆ ಬೀಳುತ್ತದೆ. ‘ಇನ್ನೂ ಜಾಗ ಗಟ್ಟಿ ಮಾಡಿಲ್ಲ, ಆಮೇಲೆ ಸ್ಕ್ರೂ ಹಾಕೋಣ’ ಅನ್ನುತ್ತೀರಿ. ಆ ‘ಆಮೇಲೆ’ ಎಷ್ಟೋ ಮನೆಗಳಲ್ಲಿ ಬರುವುದೇ ಇಲ್ಲ. ಎತ್ತರದ ಕಪಾಟು, ಪುಸ್ತಕದ ಶೆಲ್ಫ್, ಟಿವಿ ಮೂರನ್ನೂ ಇಟ್ಟ ದಿನವೇ ಗೋಡೆಗೆ ಬಿಗಿಸಿ.

ಗೀಸರ್ ಹಿಂದಿನವರು ಎಷ್ಟಕ್ಕೆ ಇಟ್ಟಿದ್ದರೋ ಯಾರಿಗೆ ಗೊತ್ತು. 60 ಡಿಗ್ರಿ ಸೆಲ್ಸಿಯಸ್ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. 50ರ ಒಳಗೆ ಇಳಿಸಿ. ಬಕೆಟ್‌ಗಳನ್ನು ಖಾಲಿ ಮಾಡಿ ಬೋರಲು ಹಾಕಿ, 5 ಸೆಂಟಿಮೀಟರ್ ನೀರೂ ಈ ವಯಸ್ಸಿಗೆ ಅಪಾಯವೇ. ಬಾತ್‌ರೂಮಿನ ಒಳಚಿಲಕ ಅವಳ ಕೈಗೆ ಎಟುಕುವಂತಿದ್ದರೆ ತೆಗೆಸಿ ಮೇಲೆ ಹಾಕಿಸಿ.

ಸಾಮಾನು ಸಾಗಿಸುವ ದಿನಕ್ಕೇ ಸೇರಿದ ಎರಡು ಅಪಾಯಗಳಿವೆ. ಒಂದು, ನೆಲದ ಮೇಲೆ ಇಟ್ಟ ಕೈಚೀಲದಲ್ಲಿನ ಮಾತ್ರೆ. ಇನ್ನೊಂದು, ರಿಮೋಟು, ಆಟದ ಸಾಮಾನಿನಿಂದ ಬಿದ್ದ ಬಟನ್ ಬ್ಯಾಟರಿ. ಅದನ್ನು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯಬೇಡಿ, ವಾಂತಿ ಮಾಡಿಸಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಸಾಮಾನು ಇಳಿಯುವ ದಿನ ಮಗುವನ್ನು ನೋಡಿಕೊಳ್ಳುವುದಕ್ಕೇ ಒಬ್ಬರು ಇರಲಿ. ಅವರಿಗೆ ಬೇರೆ ಕೆಲಸ ಹೇಳಬೇಡಿ.

ಹಳೇ ಕಟ್ಟಡವಾದರೆ ಬಣ್ಣ ಎದ್ದಿರುವ ಜಾಗ ನೋಡಿಕೊಳ್ಳಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗ ಕೆರೆದರೆ ಧೂಳೆಲ್ಲ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ. ಗೋಡೆ ಕೆಲಸ ಇದ್ದರೆ ಮಗು ಬರುವ ಮೊದಲೇ ಮುಗಿಸಿ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ಮಗನಿಗೆ ಮೂರೂವರೆ. ಚಡ್ಡಿ ಒದ್ದೆ ಮಾಡಿಕೊಳ್ಳುವುದು ನಿಂತು ಆರು ತಿಂಗಳಾಗಿತ್ತು. ಮನೆ ಬದಲಿಸಿದ ಮೇಲೆ ಹಗಲಲ್ಲೂ ಒದ್ದೆ ಮಾಡಿಕೊಳ್ಳುತ್ತಿದ್ದಾನೆ. ಹಟಕ್ಕೆ ಮಾಡುತ್ತಾನಾ?

ಉತ್ತರ: ಇಲ್ಲ. ಈಚೆಗೆ ಕಲಿತದ್ದು ಮೊದಲು ಸಡಿಲವಾಗುತ್ತದೆ, ಮನೆ ಬದಲಿಸಿದಾಗ ಇದು ತೀರಾ ಸಾಮಾನ್ಯ. ಆದರೆ ನಾನು ನಿಮ್ಮನ್ನು ಬೇರೊಂದು ಪ್ರಶ್ನೆ ಕೇಳಬೇಕು. ಹೊಸ ಮನೆಯಲ್ಲಿ ಅವನು ಕಕ್ಕ ಮಾಡುವುದು ಹೇಗಿದೆ?

ಎಷ್ಟೋ ಮಕ್ಕಳು ಹೊಸ ಟಾಯ್ಲೆಟ್ಟಿಗೆ ಹೆದರುತ್ತಾರೆ. ಕಮೋಡ್ ಎತ್ತರ, ಕಾಲು ಗಾಳಿಯಲ್ಲಿ ತೂಗಾಡುತ್ತದೆ, ಫ್ಲಶ್ ಸದ್ದು ಹಳೆಯದಕ್ಕಿಂತ ಜೋರು. ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ತಡೆದುಕೊಳ್ಳುತ್ತಾರೆ. ಪರದೆ ಹಿಂದೆ ಹೋಗಿ ಕಾಲಿಗೆ ಕಾಲು ಹೆಣೆದು, ಮುಖ ಕೆಂಪಗೆ ಮಾಡಿಕೊಂಡು ನಿಲ್ಲುವುದನ್ನು ನೋಡಿದ್ದೀರಾ? ಅದು ಇದೇ. ಎರಡು ಮೂರು ದಿನ ತಡೆದರೆ ಮಲ ಗಟ್ಟಿಯಾಗುತ್ತದೆ, ಹೋಗುವಾಗ ನೋಯುತ್ತದೆ, ನೋವಿಗೆ ಹೆದರಿ ಇನ್ನಷ್ಟು ತಡೆಯುತ್ತಾರೆ. ಒಳಗೆ ತುಂಬಿದ ಮಲ ಮೂತ್ರಕೋಶವನ್ನು ಒತ್ತುತ್ತದೆ. ಚಡ್ಡಿ ಒದ್ದೆಯಾಗುತ್ತದೆ. ನೀವು ಮೂತ್ರದ ಬಗ್ಗೆ ಬೈಯುತ್ತಾ ಕೂತಿರುತ್ತೀರಿ.

ಪಾದ ಪೂರ್ತಿ ಊರುವಂತೆ ಒಂದು ಸ್ಟೂಲ್ ಇಡಿ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿದ್ದರೆ ಹೋಗಲು ಸುಲಭ. ಕಕ್ಕ ಮಾಡಲು ಕೂರಿಸುತ್ತಿದ್ದ ಹಳೇ ಪಾಟಿ ಸೀಟು ಇದ್ದರೆ ಅದನ್ನೇ ಹೊರಗೆ ತೆಗೆಯಿರಿ, ನಾಚಿಕೆ ಏನಿಲ್ಲ. ಫ್ಲಶ್ ಅವನು ಹೊರಗೆ ಬಂದ ಮೇಲೆ ಮಾಡಿ, ಇಲ್ಲವೇ ಅವನ ಕೈಯಲ್ಲೇ ಮಾಡಿಸಿ. ಊಟವಾದ ಮೇಲೆ ಐದು ನಿಮಿಷ ಕೂರಿಸಿ, ಬಂದರೂ ಸರಿ, ಬರದಿದ್ದರೂ ಸರಿ. ನೀರು, ಹಣ್ಣು, ತರಕಾರಿ ಜಾಸ್ತಿ ಇರಲಿ. ಒದ್ದೆಯಾದರೆ ‘ಸರಿ, ಚಡ್ಡಿ ಬದಲಿಸೋಣ’ ಎಂದು ಮುಗಿಸಿ.

ಮೂತ್ರ ಮಾಡುವಾಗ ಉರಿ, ಜ್ವರ, ಅಥವಾ ಹಿಂದೆಂದೂ ಇಲ್ಲದಷ್ಟು ಬಾಯಾರಿಕೆಯ ಜೊತೆ ತೂಕ ಇಳಿಯುವುದು ಕಂಡರೆ ಮಾತ್ರ ಮನೆ ಬದಲಿಸಿದ್ದಕ್ಕೆ ಎಂದು ಕೂರಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ಹೊಟ್ಟೆ ಗಟ್ಟಿಯಾಗಿ ವಾರ ದಾಟಿದರೂ ತೋರಿಸುವುದು ಒಳ್ಳೆಯದು. ರಾತ್ರಿ ಒದ್ದೆಯಾಗುವುದನ್ನು ಐದು ವರ್ಷದವರೆಗೆ ವೈದ್ಯರೂ ತೊಂದರೆ ಎಂದು ಎಣಿಸುವುದಿಲ್ಲ.

ಪ್ರಶ್ನೆ: ಹೊಸ ಮನೆಯಲ್ಲಿ ಮೂರು ವರ್ಷದ ಮಗನಿಗೆ ಬೇರೆ ಕೋಣೆ ಇದೆ. ಇಲ್ಲಿಯವರೆಗೆ ನಮ್ಮ ಜೊತೆ ಮಲಗುತ್ತಿದ್ದ. ಹೇಗೂ ಎಲ್ಲ ಹೊಸದು, ಇದನ್ನೂ ಈಗಲೇ ಅಭ್ಯಾಸ ಮಾಡಿಸಿಬಿಡೋಣ ಎಂದಿದ್ದೇವೆ.

ಉತ್ತರ: ಬೇಡ. ‘ಹೇಗೂ ಎಲ್ಲ ಹೊಸದು’ ಅನ್ನುತ್ತೀರಲ್ಲ, ಬೇಡ ಅನ್ನುವುದಕ್ಕೆ ಅದೇ ಕಾರಣ. ಒಂದೆರಡು ತಿಂಗಳು ಅವನ ಹಾಸಿಗೆ ನಿಮ್ಮ ಕೋಣೆಯಲ್ಲೇ ಇರಲಿ. ಹಗಲು ಆ ಕೋಣೆಯಲ್ಲಿ ಆಡಲಿ, ಮಧ್ಯಾಹ್ನದ ನಿದ್ದೆ ಅಲ್ಲಿ ಮಾಡಲಿ, ನೀವೂ ಪಕ್ಕದಲ್ಲಿ ಒರಗಿಕೊಳ್ಳಿ. ಗೋಡೆಗೆ ಯಾವ ಬಣ್ಣ, ಯಾವ ಸ್ಟಿಕರ್ ಎಂದು ತಲೆ ಕೆಡಿಸಿಕೊಳ್ಳಬೇಡಿ. ಅವನ ಕೈಗೆ ಎಟುಕುವ ಎತ್ತರದಲ್ಲಿ ಎರಡು ಕೊಕ್ಕೆ ಹೊಡೆಸಿ, ಒಂದು ಬ್ಯಾಗಿಗೆ, ಇನ್ನೊಂದು ಟೋಪಿಗೆ. ಹೊರಗಿಂದ ಬಂದ ಕೂಡಲೇ ಕೇಳದೆ ತಾನಾಗಿ ಹೋಗಿ ಟೋಪಿ ಸಿಕ್ಕಿಸಿ ಬರುತ್ತಾನಾ ನೋಡಿ. ಹಾಸಿಗೆ ಸಾಗಿಸುವ ಮಾತು ಅದಾದ ಮೇಲೆ.