ಡಿಜಿಟಲ್ ಕಾರ್ಡ್ ಗೇಮಿನಲ್ಲಿ ಬೇಡದ ಕಾರ್ಡನ್ನು ಮಾರಲಿಕ್ಕೆ ಯಾಕೆ ಬಿಡುವುದಿಲ್ಲ?

ನಿಮ್ಮ ತಮ್ಮ ಮೊಬೈಲ್ ಕಾರ್ಡ್ ಗೇಮಿಗೆ 3,000 ರೂಪಾಯಿ ಹಾಕಿದ್ದಾನೆ, ಬೇಡದ ಕಾರ್ಡು ಮಾರಲಿಕ್ಕೂ ಆಗುವುದಿಲ್ಲ, ಅಚ್ಚು ಹಾಕುವ ಖರ್ಚೇ ಇಲ್ಲದ ಕಾರ್ಡನ್ನು ಒಳಗೆ ಯಾವುದುಂಟು ಅಂತ ತೆರೆಯುವವರೆಗೆ ಗೊತ್ತಾಗದ ಮುಚ್ಚಿದ ಪ್ಯಾಕಿನಲ್ಲಿ ಯಾಕೆ ಮಾರುತ್ತಾರೆ ಅಂತ ಕೇಳಿದ್ದೀರಿ. ನನ್ನದು ಕಾಸರಗೋಡು ಕಡೆಯ ಬದಿಯಡ್ಕ ಪೇಟೆಯಲ್ಲಿ ಮೊಬೈಲ್ ಅಂಗಡಿ. ಇಂಥ ಗೇಮಿಗೆ ರಿಡೀಮ್ ಕೋಡ್ ಕೇಳಿಕೊಂಡು ಹುಡುಗರು ಬರುತ್ತಲೇ ಇರುತ್ತಾರೆ. ನಾನೂ ಆಡಿ ಕೈ ಸುಟ್ಟುಕೊಂಡವನೇ.

ಪ್ಯಾಕಿನ ರೇಟು ಆಮೇಲೆ ಮಾರಾಯ್ರೆ, ಮೊದಲು ಬೇಡದ ಕಾರ್ಡು ಎಲ್ಲಿಗೆ ಹೋಗುತ್ತದೆ ನೋಡಿ. ಕಾಗದದ ಕಾರ್ಡಾದರೆ ಪಕ್ಕದವನಿಗೆ ಕೊಟ್ಟು ಬೇಕಾದ್ದು ತಕ್ಕೊಳ್ಳಬಹುದು. ಆಗ ಬಿಡಿ ಕಾರ್ಡಿಗೆ ಒಂದು ಬೆಲೆ ಹುಟ್ಟುತ್ತದೆ. ಬಿಡಿಯಾಗಿ ಅಗ್ಗಕ್ಕೆ ಸಿಕ್ಕರೆ ಪ್ಯಾಕು ಯಾರಿಗೆ ಬೇಕು? ಮ್ಯಾಜಿಕ್ ಅನ್ನುವ ಕಾಗದದ ಕಾರ್ಡ್ ಆಟದ ಕಂಪ್ಯೂಟರ್ ರೂಪವಾಗಿ 2002ರಲ್ಲಿ ಬಂದ ಮ್ಯಾಜಿಕ್ ಆನ್‌ಲೈನ್ ಈ ವಿನಿಮಯವನ್ನು ಹಾಗೆಯೇ ಇಟ್ಟುಕೊಂಡಿತ್ತು. ಒಂದು ಸೆಟ್ಟಿನ (ಒಟ್ಟಿಗೆ ಬಿಡುಗಡೆಯಾದ ಕಾರ್ಡುಗಳ ಗುಂಪಿನ) ಅಷ್ಟೂ ಕಾರ್ಡು ಸೇರಿಸಿದವರು ಶುಲ್ಕ ಕಟ್ಟಿ ಕಾಗದದ ಕಾರ್ಡನ್ನೇ ಮನೆಗೆ ತರಿಸಿಕೊಳ್ಳಲಿಕ್ಕೂ ದಾರಿ ಇತ್ತು.

2014ರಲ್ಲಿ ಹಾರ್ತ್‌ಸ್ಟೋನ್ ಅನ್ನುವ ಡಿಜಿಟಲ್ ಕಾರ್ಡ್ ಗೇಮ್ ಬಂದದ್ದೇ ಲೆಕ್ಕ ಬೇರೆ ಆಯಿತು. ಆಟ ಫ್ರೀ, ವಿನಿಮಯ ಇಲ್ಲ. ಬೇಡದ ಕಾರ್ಡು ಒಡೆದರೆ ಡಸ್ಟ್ ಸಿಗುತ್ತದೆ, ಅದು ಗೇಮಿನೊಳಗಿನ ದುಡ್ಡು. ಲೆಜೆಂಡರಿ, ಅಂದರೆ ಎಲ್ಲಕ್ಕಿಂತ ಅಪರೂಪದ ಕಾರ್ಡು, ಒಡೆದರೆ 400 ಡಸ್ಟ್, ಬೇಕಾದ ಲೆಜೆಂಡರಿ ಮಾಡಿಸಿಕೊಳ್ಳಲಿಕ್ಕೆ 1,600. ನಾಲ್ಕು ಕೊಟ್ಟು ಒಂದು! ಹಳೆ ಚಿನ್ನ ಕೊಡುವಾಗ ಮುಕ್ಕಾಲು ಪಾಲು ತೇಮಾನು ಹಿಡಿದರೆ ಆ ಅಂಗಡಿಯ ಮೆಟ್ಟಿಲು ಹತ್ತುತ್ತೀರಾ? ಇಲ್ಲಿ ಹತ್ತುತ್ತಾರೆ, ಯಾಕೆಂದರೆ ಅದರ ಹೆಸರು ರೂಪಾಯಿ ಅಲ್ಲ, ಡಸ್ಟ್. ನಾನು ಆಡುತ್ತಿದ್ದ ಗೇಮಿನಲ್ಲಿ (ಹೆಸರು ಬೇಡ) ರತ್ನ ಅಂತ ಇತ್ತು, ರೂಪಾಯಿ ಕೊಟ್ಟು ಕಟ್ಟಿನ ಲೆಕ್ಕದಲ್ಲಿ ರತ್ನ ತಕ್ಕೊಂಡು, ಅದರಿಂದ ಪ್ಯಾಕು ತಕ್ಕೊಳ್ಳಬೇಕು. ರತ್ನದ ಕಟ್ಟು ಪ್ಯಾಕಿನ ಲೆಕ್ಕಕ್ಕೆ ಒಮ್ಮೆಯೂ ಸರಿಹೊಂದುವುದಿಲ್ಲ, ಯಾವಾಗಲೂ ಒಂದಿಷ್ಟು ಉಳಿಯುತ್ತದೆ. ಉಳಿದದ್ದನ್ನು ಮುಗಿಸಲಿಕ್ಕೆ ಇನ್ನೊಂದು ಕಟ್ಟು. ಹೀಗೆ ಒಂದು ಮಳೆಗಾಲ ಪೂರ್ತಿ ಹೋಯಿತು.

ಹಾಗಂತ ಮಾರಲಿಕ್ಕೆ ಬಿಟ್ಟ ಕೂಡಲೇ ಜನ ಮೆಚ್ಚುತ್ತಾರೆ ಅಂತ ಇಲ್ಲ. 2018ರ ನವೆಂಬರಿನಲ್ಲಿ ವಾಲ್ವ್ ಕಂಪನಿಯ ಆರ್ಟಿಫ್ಯಾಕ್ಟ್ ಅನ್ನುವ ಕಾರ್ಡ್ ಗೇಮ್ ಬಂತು. ಮ್ಯಾಜಿಕ್ ಮಾಡಿದ ರಿಚರ್ಡ್ ಗಾರ್ಫೀಲ್ಡರದ್ದೇ ವಿನ್ಯಾಸ. ಒಳಗೆ ಬರಲಿಕ್ಕೆ 20 ಡಾಲರ್, ಪ್ಯಾಕಿಗೆ ಬೇರೆ, ಬಿಡಿ ಕಾರ್ಡು ಮಾರಿದರೆ ಕಂಪನಿಗೆ ಕಮಿಷನ್. ಜಾತ್ರೆಗೆ ಟಿಕೆಟ್ ಇಟ್ಟು, ತೊಟ್ಟಿಲಿಗೂ ದುಡ್ಡು ಕೇಳಿದ ಹಾಗೆ. ಕೆಲವೇ ತಿಂಗಳಲ್ಲಿ ಆಡುವವರು ಖಾಲಿ, 2021ರಲ್ಲಿ ಅವರೇ ಕೈಬಿಟ್ಟರು. ಇತ್ತ ಪ್ಯಾಕೇ ಮಾರದ ಲೆಜೆಂಡ್ಸ್ ಆಫ್ ರುನೆಟೆರಾ ಅನ್ನುವ ಗೇಮ್ ಎಲ್ಲರಿಗೂ ಇಷ್ಟವಾಯಿತು, ಆದರೆ ಗಳಿಕೆಗಿಂತ ಖರ್ಚೇ ಹೆಚ್ಚು ಅಂತ ರಯಟ್ ಕಂಪನಿ 2024ರಲ್ಲಿ ತಂಡವನ್ನೇ ಕಿರಿದು ಮಾಡಿತು.

ನನ್ನ ಅಂಗಡಿಯ ಎದುರು ಕೇರಳ ಲಾಟರಿ ಮಾರುವ ಅಣ್ಣ ಒಬ್ಬರು ಇದ್ದಾರೆ. 1967ರಿಂದ ಸರಕಾರವೇ ನಡೆಸುವ ಲಾಟರಿ, ಬಹುಮಾನ ಎಷ್ಟು, ಡ್ರಾ ಯಾವತ್ತು ಅಂತ ಟಿಕೆಟಿನಲ್ಲೇ ಉಂಟು. ಚೀನಾ ಸರಕಾರ 2017ರಲ್ಲಿ ಗೇಮಿನವರಿಗೂ ಹೀಗೇ ಯಾವುದು ಸಿಗುವ ಸಾಧ್ಯತೆ ಎಷ್ಟು ಅಂತ ತಿಳಿಸಿ ಅಂದಿತು. ಅಲ್ಲಿನ ಹಾರ್ತ್‌ಸ್ಟೋನಿನಲ್ಲಿ ಏನು ಮಾಡಿದರು ಗೊತ್ತುಂಟಾ? ಡಸ್ಟ್ ಮಾರಾಟ, ಪ್ಯಾಕು ಅದರೊಟ್ಟಿಗೆ ಉಚಿತ! ಪ್ಯಾಕು ಮಾರಿದರೆ ತಾನೇ ಸಾಧ್ಯತೆ ಹೇಳಬೇಕಾದ್ದು? ಮೊನ್ನೆ ಒಬ್ಬ ಹುಡುಗ ನನ್ನ ಕೌಂಟರಿನ ಮೇಲೆ ಮೊಬೈಲಿನಲ್ಲಿ ಪೋಕೆಮಾನ್ ಪಾಕೆಟ್ ಅನ್ನುವ ಕಾರ್ಡ್ ಗೇಮ್ ತೆರೆದು, ಬೆರಳು ಅಡ್ಡ ಎಳೆದು ಪರ್ರನೆ ಪ್ಯಾಕು ಹರಿಯುತ್ತಿದ್ದ. ಲಾಟರಿ ಅಣ್ಣ ಬಗ್ಗಿ ನೋಡಿ, "ಇದರ ಡ್ರಾ ಯಾವಾಗ?" ಅಂದರು. "12 ಗಂಟೆಗೊಮ್ಮೆ ಫ್ರೀ," ಅಂದ ಹುಡುಗ.

ಹೋದ 3,000 ವಾಪಸು ಬರುವುದಿಲ್ಲ. ತಮ್ಮ ಆಡುವುದು ಹಾರ್ತ್‌ಸ್ಟೋನ್ ಆದರೆ, ಹೊಸ ಸೆಟ್ಟಿನ ಮೊದಲ 10 ಪ್ಯಾಕಿನೊಳಗೆ ಒಂದು ಲೆಜೆಂಡರಿ ಖಂಡಿತ ಉಂಟು. ಅದು ಬಂದ ಕೂಡಲೇ ನಿಲ್ಲಿಸಲಿ, ಆಮೇಲೆ ಇನ್ನೊಂದು ಲೆಜೆಂಡರಿಗೆ 40 ಪ್ಯಾಕಿನವರೆಗೂ ಕಾಯಿಸಬಹುದು. ಬೇರೆ ಗೇಮಾದರೆ ಹೆಸರು ಬರೆಯಿರಿ, ನೋಡಿ ಹೇಳುತ್ತೇನೆ.